ಮುಂದಿನ ರಾಷ್ಟ್ರಪತಿ ಯಾರು? ಹೆಸರು ಆಮೇಲೆ, ಮೊದಲು ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ನಾನು ಸಂವಿಧಾನದ ಪಾಠ ಮಾಡುತ್ತೇನೆ. ರಾಷ್ಟ್ರಪತಿಯನ್ನು ಯಾರು ಆರಿಸುತ್ತಾರೆ ಅಂತ ಹೇಳುವ 54ನೇ ವಿಧಿಗೆ ಬಂದ ದಿನ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. "ಮೇಡಂ, ಮುಂದಿನ ರಾಷ್ಟ್ರಪತಿ ಯಾರಾಗ್ತಾರ್ರೀ?" ಕೇಳಿದವರ ಹತ್ತಿರ ಆಗಲೇ ಒಂದು ಹೆಸರು ಇರುತ್ತದೆ. ವಾಟ್ಸಾಪ್‌ನಲ್ಲಿ ಬಂದದ್ದು. ನಾನು ಆ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಸುತ್ತ ಒಂದು ಚೌಕ ಹಾಕುತ್ತೇನೆ. ಅದನ್ನು ಮುಟ್ಟುವುದು ಕಡೆಗೆ.

ಯಾಕೆಂದರೆ ಇಲ್ಲಿ ಎರಡು ಪ್ರಶ್ನೆಗಳಿವೆ. ಯಾವ ಕಡೆಯವರು ಗೆಲ್ಲುತ್ತಾರೆ ಅನ್ನೋದು ಒಂದು. ಆ ಕಡೆಯವರು ಯಾರನ್ನು ನಿಲ್ಲಿಸುತ್ತಾರೆ ಅನ್ನೋದು ಇನ್ನೊಂದು. ಮೊದಲನೆಯದನ್ನು ಕೂಡಿಸಿ ಕಳೆದು ಬಹುಮಟ್ಟಿಗೆ ಹೇಳಬಹುದು. ಎರಡನೆಯದು ಊಹೆ. ಟಿವಿಯಲ್ಲಿ ಊಹೆ ಮೊದಲು ಬರುತ್ತದೆ, ಲೆಕ್ಕ ಬರುವುದೇ ಇಲ್ಲ. ನಾವು ತಿರುಗಿಸಿ ಹೋಗೋಣ.

ದ್ರೌಪದಿ ಮುರ್ಮು ಪ್ರಮಾಣವಚನ ತೆಗೆದುಕೊಂಡದ್ದು 2022ರ ಜುಲೈ 25ರಂದು. ಐದು ವರ್ಷದ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹೊಸ ಚುನಾವಣೆ ಮುಗಿದಿರಬೇಕು ಅಂತ 62ನೇ ವಿಧಿ ಹೇಳುತ್ತದೆ. ಕಳೆದ ಸಲ ಜೂನ್ 15ಕ್ಕೆ ಅಧಿಸೂಚನೆ ಬಂತು, ಜುಲೈ 18ಕ್ಕೆ ಮತದಾನ, 21ಕ್ಕೆ ಎಣಿಕೆ. ಈ ಸಲವೂ ಹೆಚ್ಚುಕಮ್ಮಿ ಅದೇ ದಿನಗಳು ಅಂದುಕೊಳ್ಳಿ. ಲೆಕ್ಕಕ್ಕೆ ಬೇಕಾದದ್ದು ಒಂದು ಉದ್ದ ನೋಟ್‌ಬುಕ್, ಮೊಬೈಲಿನ ಕ್ಯಾಲ್ಕುಲೇಟರ್, ಒಂದು ಪೆನ್, ಒಂದು ಪೆನ್ಸಿಲ್. ಪೆನ್ಸಿಲ್ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮತ ಯಾರಿಗಿದೆ, ಯಾರಿಗಿಲ್ಲ

ಲೋಕಸಭೆಯ 543 ಮಂದಿಗೆ ಇದೆ. ರಾಜ್ಯಸಭೆಯಲ್ಲಿ ಚುನಾಯಿತರಾದ 233 ಮಂದಿಗೆ ಇದೆ. ಒಟ್ಟು 776. ರಾಜ್ಯಸಭೆಗೆ ನಾಮಕರಣಗೊಂಡ 12 ಮಂದಿಗೆ ಇಲ್ಲ. ರಾಜ್ಯಗಳ ಎಲ್ಲ ಚುನಾಯಿತ ಶಾಸಕರಿಗೆ ಇದೆ. ದೆಹಲಿ, ಪುದುಚೇರಿ ಶಾಸಕರಿಗೂ ಇದೆ, 1992ರ ತಿದ್ದುಪಡಿಯಿಂದ. ವಿಧಾನ ಪರಿಷತ್ತಿನವರಿಗೆ ಇಲ್ಲ. ಅಂದರೆ ನಮ್ಮ ಪರಿಷತ್ತಿನ 75 ಮಂದಿ ಇದರಲ್ಲಿ ಲೆಕ್ಕಕ್ಕಿಲ್ಲ. ಇದು ಪರೀಕ್ಷೆಯಲ್ಲಿ ಪದೇ ಪದೇ ಬರುವ ಪ್ರಶ್ನೆ. 2022ರಲ್ಲಿ ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್‌ಗೇ ಮತ ಇರಲಿಲ್ಲ, ಅವರು ಪರಿಷತ್ ಸದಸ್ಯರಾಗಿದ್ದರು. ಆದರೆ ಅವರ ಪಕ್ಷದ ಶಾಸಕರು ಯಾರಿಗೆ ಮತ ಹಾಕಬೇಕು ಅನ್ನೋದು ನಿತೀಶ್ ಅವರದೇ ತೀರ್ಮಾನ. ಹಾಗಾಗಿ ನಾಯಕರನ್ನು ಎಣಿಸಬೇಡಿ, ಮತ ಇರುವ ತಲೆಗಳನ್ನು ಎಣಿಸಿ.

ಒಂದು ಮತಕ್ಕೆ ಎಷ್ಟು ಬೆಲೆ

ಇಲ್ಲಿಯೇ ಹೆಚ್ಚಿನವರು ಎಡವುವುದು. ಎಲ್ಲ ಶಾಸಕರ ಮತಕ್ಕೂ ಒಂದೇ ಮೌಲ್ಯ ಇಲ್ಲ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ 1000ದಿಂದ ಭಾಗಿಸಬೇಕು. ಶೇಷ 500 ಅಥವಾ ಹೆಚ್ಚು ಇದ್ದರೆ ಒಂದು ಸೇರಿಸಬೇಕು. ಜನಸಂಖ್ಯೆ ಅಂದರೆ ಈಗಿನದಲ್ಲ, 1971ರ ಜನಗಣತಿಯದ್ದು.

ಕರ್ನಾಟಕದ ಲೆಕ್ಕ ಬೋರ್ಡಿನ ಮೇಲೆ ಮಾಡಿಸುತ್ತೇನೆ. 1971ರಲ್ಲಿ ನಮ್ಮ ಜನಸಂಖ್ಯೆ 2,92,99,014. ಇದನ್ನು 224ರಿಂದ ಭಾಗಿಸಿದರೆ 1,30,799 ಚಿಲ್ಲರೆ. ಸಾವಿರದಿಂದ ಭಾಗಿಸಿದರೆ 130, ಶೇಷ 799. ಶೇಷ 500 ದಾಟಿದೆ, ಆದ್ದರಿಂದ 131. ನಮ್ಮ ಪ್ರತಿ ಶಾಸಕರ ಮತದ ಮೌಲ್ಯ 131. ಇಡೀ ವಿಧಾನಸಭೆಯದ್ದು 131 × 224 = 29,344.

ಈಗ ಉಳಿದವನ್ನು ನೋಡಿ. ಉತ್ತರ ಪ್ರದೇಶದ ಶಾಸಕರ ಮತ 208. 403 ಮಂದಿಗೆ ಒಟ್ಟು 83,824. ಮಹಾರಾಷ್ಟ್ರ 175, ಒಟ್ಟು 50,400. ಪಶ್ಚಿಮ ಬಂಗಾಳ 151, ಒಟ್ಟು 44,394. ಬಿಹಾರ 173, ಒಟ್ಟು 42,039. ತಮಿಳುನಾಡು 176, ಒಟ್ಟು 41,184. ಆಂಧ್ರ 159, ಒಟ್ಟು 27,825. ಕೇರಳ 152, ಒಟ್ಟು 21,280. ಸಿಕ್ಕಿಂನ ಶಾಸಕರ ಮತ ಬರೀ 7. ಅಲ್ಲಿನ 32 ಮಂದಿ ಸೇರಿದರೆ 224, ಅಂದರೆ ಉತ್ತರ ಪ್ರದೇಶದ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. "ಸಣ್ಣ ರಾಜ್ಯದಲ್ಲಿ ಸರ್ಕಾರ ಬಿದ್ದಿದೆ, ರಾಷ್ಟ್ರಪತಿ ಚುನಾವಣೆಯ ಲೆಕ್ಕಾಚಾರವೇ ಬದಲು" ಅಂತ ಯಾರಾದರೂ ಅಂದರೆ ಈ ಸಿಕ್ಕಿಂನ ಅಂಕಿಯನ್ನು ಅವರ ಮುಂದೆ ಇಡಿ.

ಸಂಸದರ ಮೌಲ್ಯ ಸುಲಭ. ಎಲ್ಲ ಶಾಸಕರ ಒಟ್ಟು ಮೌಲ್ಯವನ್ನು 776ರಿಂದ ಭಾಗಿಸಬೇಕು. 2022ರಲ್ಲಿ ಆ ಒಟ್ಟು 5,43,231 ಆಗಿತ್ತು. ಭಾಗಿಸಿದರೆ 700. 2017ರಲ್ಲಿ ಇದು 708 ಇತ್ತು. ವ್ಯತ್ಯಾಸ ಬಂದದ್ದು ಯಾಕೆಂದರೆ 2022ರಲ್ಲಿ ಜಮ್ಮು-ಕಾಶ್ಮೀರದಲ್ಲಿ ವಿಧಾನಸಭೆಯೇ ಇರಲಿಲ್ಲ. ಈ ಸಲದ ಅಧಿಕೃತ ಸಂಖ್ಯೆಯನ್ನು ಚುನಾವಣಾ ಆಯೋಗ ಪ್ರಕಟಿಸುತ್ತದೆ. ಅಲ್ಲಿಯವರೆಗೆ 700 ಇಟ್ಟುಕೊಂಡು ಮುಂದುವರಿಯಿರಿ. ಎರಡೂ ಕಡೆಯವರಿಗೆ ಒಂದೇ ಗುಣಕ ಬೀಳುವುದರಿಂದ ಉತ್ತರ ಬದಲಾಗುವುದಿಲ್ಲ.

ಇಲ್ಲಿ ಒಂದು ಗಂಟು ಇದೆ, ನನಗೆ ಬಹಳ ಇಷ್ಟವಾದದ್ದು. 1971ರ ಜನಸಂಖ್ಯೆಯನ್ನೇ ಹಿಡಿಯಬೇಕು ಅನ್ನೋ ನಿಯಮಕ್ಕೆ ಗಡುವು ಇದೆ. 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಮಾತ್ರ ಅಂತ 55ನೇ ವಿಧಿಯ ವಿವರಣೆ ಹೇಳುತ್ತದೆ. ಈಗ ನಿಗದಿಯಾಗಿರುವ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಚುನಾವಣೆ ಅದೇ ವರ್ಷದ ಜುಲೈನಲ್ಲಿ. ಅಂಕಿ ಅಷ್ಟರೊಳಗೆ ಪ್ರಕಟವಾಗದಿದ್ದರೆ 1971ರದೇ ಗತಿ. ಪ್ರಕಟವಾದರೆ ಮೇಲಿನ ಎಲ್ಲ ಮೌಲ್ಯಗಳೂ ಬದಲಾಗುತ್ತವೆ. ಆಗ ದಕ್ಷಿಣದ ತೂಕ ಇಳಿಯುತ್ತದೆ. 1971ರಿಂದ 2011ರವರೆಗೆ ಉತ್ತರ ಪ್ರದೇಶದ ಜನಸಂಖ್ಯೆ ಎರಡು ಪಟ್ಟು ಮೀರಿ, 8.38 ಕೋಟಿಯಿಂದ ಸುಮಾರು 20 ಕೋಟಿಗೆ ಬೆಳೆಯಿತು. ಕೇರಳದ್ದು 2.13 ಕೋಟಿಯಿಂದ 3.34 ಕೋಟಿಗೆ ಮಾತ್ರ. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಗಳಿಗೆ ಶಿಕ್ಷೆ ಆಗಬಾರದು ಅಂತಲೇ 1976ರಲ್ಲಿ ಈ ಲೆಕ್ಕಕ್ಕೆ ಬೀಗ ಹಾಕಿದ್ದು. ಮಾರ್ಚ್‌ನಲ್ಲಿ ಎಣಿಸಿ ಜುಲೈಗೆ ಅಂಕಿ ಕೊಡುವುದು ಕಷ್ಟ ಅನ್ನೋದು ನನ್ನ ಅಂದಾಜು. ಆದರೂ ಸುದ್ದಿಯ ಮೇಲೆ ಒಂದು ಕಣ್ಣಿರಲಿ.

ಹಾಳೆ ಹಾಕುವುದು

ನಾಲ್ಕು ಕಾಲಂ ಸಾಕು. ರಾಜ್ಯ ಮತ್ತು ಅದರ ಮೌಲ್ಯ, ಆಡಳಿತ ಮೈತ್ರಿಕೂಟ, ವಿರೋಧಿ ಮೈತ್ರಿಕೂಟ, ಎರಡಕ್ಕೂ ಸೇರದ ನಡುವಿನವರು. ಈ ನಾಲ್ಕನೇ ಕಾಲಂ ಇಲ್ಲದೆ ಹಾಳೆ ಹಾಕುವವರು ಬಹಳ. ಅವರ ಲೆಕ್ಕ ಅಲ್ಲೇ ಕೆಡುತ್ತದೆ.

ಕರ್ನಾಟಕದ ಸಾಲನ್ನು ಮಾದರಿಗೆ ತುಂಬೋಣ. 2023ರ ಫಲಿತಾಂಶ: ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಜೆಡಿಎಸ್ ಈಗ ಬಿಜೆಪಿಯ ಮೈತ್ರಿಕೂಟವಾದ ಎನ್‌ಡಿಎಯಲ್ಲಿದೆ. ಹಾಗಾಗಿ 66 + 19 = 85, ಅದಕ್ಕೆ 131 ಗುಣಿಸಿದರೆ 11,135. ಕಾಂಗ್ರೆಸ್ 135 × 131 = 17,685. ಉಳಿದ ನಾಲ್ಕು ಮತ 524. ಮೂರನ್ನೂ ಕೂಡಿಸಿ, 29,344 ಬಂತಾ? ಬಂದರೆ ಸಾಲು ಸರಿ. ಆಮೇಲೆ ಉಪಚುನಾವಣೆಗಳಲ್ಲಿ, ಉಚ್ಚಾಟನೆಗಳಲ್ಲಿ ಏನೇನು ಬದಲಾಯಿತೋ ಅದನ್ನು ತಿದ್ದಿಕೊಳ್ಳಿ. ವಿಧಾನಸಭೆಯ ವೆಬ್‌ಸೈಟಿನಲ್ಲಿ ಪಕ್ಷವಾರು ಪಟ್ಟಿ ಸಿಗುತ್ತದೆ. ಹೀಗೆ ಒಂದೊಂದೇ ರಾಜ್ಯ. ಬೇಸರವಾದರೆ ದೊಡ್ಡ ಹತ್ತು ರಾಜ್ಯ ಮೊದಲು ಮುಗಿಸಿ, ಚಿತ್ರ ಅಲ್ಲಿಗೇ ಮುಕ್ಕಾಲು ಬಂದಿರುತ್ತದೆ.

ಕೆಲವು ಸಾಲು ಪೆನ್ನಿನಲ್ಲಿ ಬರೆಯಬಹುದು. 2024ರ ನವೆಂಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಬಿಜೆಪಿ 132, ಶಿಂದೆ ಶಿವಸೇನೆ 57, ಅಜಿತ್ ಪವಾರ್ ಎನ್‌ಸಿಪಿ 41 ಗೆದ್ದವು. ಒಟ್ಟು 230, ಮೌಲ್ಯ 40,250. ನಮ್ಮ ಇಡೀ ವಿಧಾನಸಭೆಗಿಂತ ಹತ್ತು ಸಾವಿರಕ್ಕೂ ಜಾಸ್ತಿ. ಆಂಧ್ರದಲ್ಲಿ ಎನ್‌ಡಿಎ 164, ಮೌಲ್ಯ 26,076. ಬಿಹಾರದಲ್ಲಿ 2025ರ ನವೆಂಬರ್‌ನಲ್ಲಿ 202, ಮೌಲ್ಯ 34,946.

ಪೆನ್ಸಿಲ್ ಇರುವುದು ಉಳಿದವಕ್ಕೆ. ಅಸ್ಸಾಂ, ಬಂಗಾಳ, ತಮಿಳುನಾಡು, ಕೇರಳ, ಪುದುಚೇರಿಗಳ ಸಾಲು 2026ರ ಫಲಿತಾಂಶದ ಮೇಲೆ ನಿಂತಿದೆ. ಉತ್ತರ ಪ್ರದೇಶ, ಪಂಜಾಬ್, ಉತ್ತರಾಖಂಡ, ಗೋವಾ, ಮಣಿಪುರಗಳದ್ದು 2027ರ ಆರಂಭದ ಚುನಾವಣೆಯ ಮೇಲೆ. ಈ ಸಾಲುಗಳಲ್ಲಿ ಹಳೆಯ ಬಲವನ್ನು ಹಿಡಿದು ಜುಲೈ 2027ರ ಭವಿಷ್ಯ ಹೇಳುವವರನ್ನು ನಂಬಬೇಡಿ. ಇವುಗಳಲ್ಲಿ ಉತ್ತರ ಪ್ರದೇಶ ಒಂದೇ ಇಡೀ ದೇಶದ ಶಾಸಕರ ಮೌಲ್ಯದ ಶೇ 15ರಷ್ಟು.

ಯಾವುದಾದರೂ ವಿಧಾನಸಭೆ ವಿಸರ್ಜನೆ ಆಗಿದ್ದರೆ? ಚುನಾವಣೆ ನಿಲ್ಲುವುದಿಲ್ಲ. 1974ರಲ್ಲಿ ಗುಜರಾತ್ ವಿಧಾನಸಭೆ ಇರಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದಿಲ್ಲದೆಯೂ ಚುನಾವಣೆ ಸಮಯಕ್ಕೆ ಸರಿಯಾಗಿ ನಡೆಯಬೇಕು ಅಂತ ಕೋರ್ಟ್ ಹೇಳಿತು. ಆ ರಾಜ್ಯದ ಸಾಲಿಗೆ ಸೊನ್ನೆ ಹಾಕಿ ಮುಂದೆ ಹೋಗಿ.

ಸಂಸದರ ಸಾಲಿಗೆ ಒಂದು ತಾಜಾ ಪರೀಕ್ಷೆ

ಸಂಸದರ ಸಾಲು ಅಂದರೆ ಅರ್ಧ ಹಾಳೆ. 776ಕ್ಕೆ 700 ಗುಣಿಸಿದರೆ 5,43,200, ಶಾಸಕರ ಒಟ್ಟಿಗೆ ಸರಿಸಮ. ಇದನ್ನು ಬರೀ ಪಕ್ಷದ ಪಟ್ಟಿ ನೋಡಿ ತುಂಬಬೇಕಿಲ್ಲ. ಇತ್ತೀಚೆಗೆ ಇದೇ ಮಂದಿ ಗುಪ್ತ ಮತದಾನ ಮಾಡಿ ತೋರಿಸಿದ್ದಾರೆ. 2025ರ ಜುಲೈನಲ್ಲಿ ಜಗದೀಪ್ ಧನಕರ್ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 9ರಂದು ಉಪರಾಷ್ಟ್ರಪತಿ ಚುನಾವಣೆ ನಡೆಯಿತು. ಅದರಲ್ಲಿ ಸಂಸದರು ಮಾತ್ರ ಮತ ಹಾಕುತ್ತಾರೆ. ಎನ್‌ಡಿಎಯ ಸಿ.ಪಿ. ರಾಧಾಕೃಷ್ಣನ್ 452, ವಿರೋಧ ಪಕ್ಷಗಳ ಬಿ. ಸುದರ್ಶನ್ ರೆಡ್ಡಿ 300, ತಿರಸ್ಕೃತ 15. ವಿರೋಧ ಪಕ್ಷಗಳು ತಮ್ಮ 315 ಮಂದಿಯೂ ಬಂದು ಮತ ಹಾಕಿದರು ಅಂತ ಹೇಳಿಕೊಂಡಿದ್ದವು. ಸಿಕ್ಕಿದ್ದು 300. ಬಿಜೆಡಿ, ಬಿಆರ್‌ಎಸ್, ಅಕಾಲಿ ದಳ ದೂರ ಉಳಿದವು. ವೈಎಸ್‌ಆರ್ ಕಾಂಗ್ರೆಸ್ ರಾಧಾಕೃಷ್ಣನ್ ಕಡೆ ಹೋಯಿತು.

ಈಗ ಒಂದು ತಿದ್ದುಪಡಿ ಮಾಡಿ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ನಾಮಕರಣಗೊಂಡ ಸದಸ್ಯರಿಗೂ ಮತ ಇದೆ, ರಾಷ್ಟ್ರಪತಿ ಚುನಾವಣೆಯಲ್ಲಿ ಇಲ್ಲ. ಕಟ್ಟುನಿಟ್ಟಾಗಿ ಇರೋಣ ಅಂತ ಹನ್ನೆರಡನ್ನೂ 452ರಿಂದ ಕಳೆಯಿರಿ. 440. ಅದಕ್ಕೆ 700 ಗುಣಿಸಿದರೆ 3,08,000. ಒಟ್ಟು ಮೌಲ್ಯ 10.86 ಲಕ್ಷ ಅಂತ ಹಿಡಿದರೆ ಅರ್ಧಕ್ಕೆ 5.43 ಲಕ್ಷ ಬೇಕು. ಉಳಿದದ್ದು 2.35 ಲಕ್ಷ. ಅಂದರೆ ಶಾಸಕರ ಮೌಲ್ಯದಲ್ಲಿ ಶೇ 43-44 ಸಿಕ್ಕರೆ ಆಡಳಿತ ಕಡೆ ಗೆದ್ದಂತೆ. 2026ರಲ್ಲಿ ರಾಜ್ಯಸಭೆಯ ಬಹಳ ಸೀಟುಗಳು ಬದಲಾಗುವುದರಿಂದ 440 ಅನ್ನೋದನ್ನು ಒಮ್ಮೆ ತಿದ್ದಬೇಕು. ಆದರೂ ಎಲ್ಲಿಂದ ಓಟ ಶುರುವಾಗುತ್ತದೆ ಅಂತ ಗೊತ್ತಾಯಿತಲ್ಲ. ನಾನು ಕೂಡಿಸಿದಾಗ ಎನ್‌ಡಿಎ ಮುಂದಿದೆ. ಉತ್ತರ ಪ್ರದೇಶ ಕೈಕೊಟ್ಟರೆ ಗೆಲುವು ಸಣ್ಣದಾಗುತ್ತದೆ, ನಡುವಿನವರ ಮನೆ ಬಾಗಿಲು ತಟ್ಟಬೇಕಾಗುತ್ತದೆ.

ಅಡ್ಡಮತ

ತನ್ನ ಪಕ್ಷದ ಮಾತು ಬಿಟ್ಟು ಎದುರಿನವರಿಗೆ ಹಾಕುವ ಮತವೇ ಅಡ್ಡಮತ. ಈ ಚುನಾವಣೆಯಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನೋ ಪಕ್ಷದ ಆಜ್ಞೆ, ಇಲ್ಲ. ಮತದಾನ ಗುಪ್ತ. ಪಕ್ಷಾಂತರ ಕಾಯ್ದೆಯ ಹೆಸರಲ್ಲಿ ಶಾಸಕರ ಸೀಟು ಕಿತ್ತುಕೊಳ್ಳಲು ಆಗುವುದಿಲ್ಲ. ಹಾಗಾಗಿ ಹಾಳೆಯ ಮೇಲಿನ ಸಂಖ್ಯೆಗೂ ಪೆಟ್ಟಿಗೆಯಿಂದ ಬರುವ ಸಂಖ್ಯೆಗೂ ಯಾವಾಗಲೂ ಸ್ವಲ್ಪ ಅಂತರ ಇರುತ್ತದೆ.

ನಮ್ಮದೇ ರಾಜ್ಯದ ಉದಾಹರಣೆ ಕೇಳಿ. 2012ರಲ್ಲಿ ಕರ್ನಾಟಕದಲ್ಲಿ ಬಿಜೆಪಿ ಸರ್ಕಾರ ಇತ್ತು. ಬಿಜೆಪಿ ಬೆಂಬಲ ಪಿ.ಎ. ಸಂಗ್ಮಾ ಅವರಿಗೆ. ಇಲ್ಲಿನ ಶಾಸಕರ ಮತ ಎಣಿಸಿದಾಗ ಕಾಂಗ್ರೆಸ್ಸಿನ ಪ್ರಣಬ್ ಮುಖರ್ಜಿಗೆ 117, ಸಂಗ್ಮಾಗೆ 103. ಕಾಂಗ್ರೆಸ್, ಜೆಡಿಎಸ್ ಎರಡೂ ಸೇರಿದರೂ ಆಗ ಅಷ್ಟು ಆಗುತ್ತಿರಲಿಲ್ಲ. ಏನಾಗಿತ್ತು? ಮತದಾನ ನಡೆದದ್ದು ಜುಲೈ 19ಕ್ಕೆ. ಅದಕ್ಕೆ ಒಂದೇ ವಾರ ಮೊದಲು, ಜುಲೈ 12ಕ್ಕೆ, ಸದಾನಂದ ಗೌಡರು ಇಳಿದು ನಮ್ಮ ಪಕ್ಕದ ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿದ್ದರು. ಪಕ್ಷದೊಳಗೆ ಬಣ ಜಗಳ ಕುದಿಯುತ್ತಿತ್ತು. ಸಿಟ್ಟು ತೀರಿಸಿಕೊಳ್ಳಲು ಗುಪ್ತ ಮತಪತ್ರಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ ಹೇಳಿ.

2022ರಲ್ಲಿ ಅಸ್ಸಾಂನಲ್ಲಿ ಎನ್‌ಡಿಎ ಬಲ 79. ಮುರ್ಮು ಅವರಿಗೆ ಬಿದ್ದದ್ದು 104. ಕೇರಳದಲ್ಲಿ ಎನ್‌ಡಿಎಗೆ ಒಬ್ಬ ಶಾಸಕನೂ ಇರಲಿಲ್ಲ, ಆದರೂ 140ರಲ್ಲಿ ಒಂದು ಮತ ಬಂತು. ಆ ಒಬ್ಬರು ಯಾರು ಅಂತ ನಮ್ಮ ಕ್ಲಾಸಿನಲ್ಲಿ ಇವತ್ತಿಗೂ ಊಹೆ ನಡೆಯುತ್ತದೆ.

ಇದರಿಂದ ನಾನು ಹಿಡಿದಿರುವ ಅಳತೆ ಇಷ್ಟು. ಅಡ್ಡಮತ ಸಾಮಾನ್ಯವಾಗಿ ಗೆಲ್ಲುವವರ ಕಡೆಗೇ ಹರಿಯುತ್ತದೆ, ಇಳಿಜಾರಿಗೆ ನೀರು ಹರಿದ ಹಾಗೆ. ಸೋಲುವ ಕಡೆಗೆ ಹಾರಿ ಯಾರಿಗೇನು ಲಾಭ? ಆದ್ದರಿಂದ ಹಿಂದೆ ಇರುವ ಕಡೆಯ ಸಂಖ್ಯೆಯಿಂದ ಸ್ವಲ್ಪ ಕಳೆದು ಮುಂದಿರುವ ಕಡೆಗೆ ಸೇರಿಸಿ. ಎಲ್ಲಿ ಪಕ್ಷದೊಳಗೆ ಜಗಳ ಇದೆಯೋ, ಎಲ್ಲಿ ಮುಖ್ಯಮಂತ್ರಿ ಬದಲಾವಣೆಯ ಮಾತು ನಡೆದಿದೆಯೋ ಆ ರಾಜ್ಯದ ಸಾಲಿನ ಪಕ್ಕ ಒಂದು ಚುಕ್ಕೆ ಇಡಿ. ಅಡ್ಡಮತ ಗೆಲುವಿನ ಅಂತರ ಬದಲಿಸುತ್ತದೆ. ಗೆದ್ದವರನ್ನೇ ಬದಲಿಸಿದ್ದು ಒಂದೇ ಸಲ.

ಆ ಒಂದು ಸಲ

ಅದರ ಕಥೆ ಬೆಂಗಳೂರಿನ ಮೂಲಕವೇ ಹೋಗುತ್ತದೆ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಎಐಸಿಸಿ ಅಧಿವೇಶನ. ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಬೆಂಗಳೂರಿನಲ್ಲೇ ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿ ಹೆಸರನ್ನು ಆಯ್ಕೆ ಮಾಡಿದರು. ಇಂದಿರಾ ಗಾಂಧಿಗೆ ಅದು ಬೇಡವಾಗಿತ್ತು. ಉಪರಾಷ್ಟ್ರಪತಿ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಇದೇ ಗಿರಿ 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು.

ಜನಸಂಘ ಮತ್ತು ಸ್ವತಂತ್ರ ಪಕ್ಷದವರ ಅಭ್ಯರ್ಥಿ ಸಿ.ಡಿ. ದೇಶಮುಖ್. ಈ ಚುನಾವಣೆಯಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಗಳಿಗೆ 1, 2 ಅಂತ ಪ್ರಾಶಸ್ತ್ಯ ಬರೆಯುತ್ತಾರೆ. ದೇಶಮುಖ್ ಕಡೆಯವರ ಎರಡನೇ ಪ್ರಾಶಸ್ತ್ಯದ ಮತ ರೆಡ್ಡಿಗೆ ಬರಲಿ ಅಂತ ನಿಜಲಿಂಗಪ್ಪ ಆ ಪಕ್ಷಗಳ ನಾಯಕರ ಜೊತೆ ಮಾತಾಡಿದರು. ಇಂದಿರಾ ಬಣಕ್ಕೆ ಅಷ್ಟೇ ಸಾಕಾಯಿತು. ಆತ್ಮಸಾಕ್ಷಿಯಂತೆ ಮತ ಹಾಕಿ ಅಂತ ಕರೆ ಹೋಯಿತು. ಮೊದಲ ಸುತ್ತಿನಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಬೇಕಿದ್ದದ್ದು 4,18,169. ಯಾರೂ ಮುಟ್ಟಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದರು. ರೆಡ್ಡಿಗೆ 91 ಸಾವಿರಕ್ಕೂ ಹೆಚ್ಚು ಸೇರಿತು, ಗಿರಿಗೆ ಸೇರಿದ್ದು 18 ಸಾವಿರ ಚಿಲ್ಲರೆ. ಆದರೆ ಅಷ್ಟೇ ಸಾಕಿತ್ತು. ಗಿರಿ 4,20,077ಕ್ಕೆ ನಿಂತರು. ಗಡಿ ದಾಟಿದ್ದು 1,908 ಮೌಲ್ಯದಿಂದ. ಈಗಿನ ಲೆಕ್ಕದಲ್ಲಿ ಮೂವರು ಸಂಸದರಷ್ಟೂ ಇಲ್ಲ.

ಅದಾದ ಮೇಲೆ ಯಾವ ರಾಷ್ಟ್ರಪತಿ ಚುನಾವಣೆಯೂ ಎರಡನೇ ಪ್ರಾಶಸ್ತ್ಯಕ್ಕೆ ಹೋಗಿಲ್ಲ. ಹಾಗಾಗಿ ಅಭ್ಯರ್ಥಿಗಳು ಇಬ್ಬರೇ ಇದ್ದರೆ ಎರಡನೇ ಪ್ರಾಶಸ್ತ್ಯವನ್ನು ಮರೆತುಬಿಡಿ. ಗಟ್ಟಿ ಬಲದ ಮೂವರು ನಿಂತರೆ, ಅಥವಾ ಆಡಳಿತ ಪಕ್ಷದ ಅಧ್ಯಕ್ಷರಿಗೂ ಪ್ರಧಾನಿಗೂ ಬಹಿರಂಗವಾಗಿ ಬಿರುಕು ಬಿದ್ದರೆ ಮಾತ್ರ ಹಾಳೆಯನ್ನು ಮತ್ತೆ ಮೊದಲಿಂದ ಮಾಡಿ.

ಈಗ ಮೂಲೆಯ ಹೆಸರಿಗೆ ಬರೋಣ

ಹೆಸರು ಗೆಲುವನ್ನು ತೀರ್ಮಾನಿಸುವುದಿಲ್ಲ. ನಡುವಿನವರು ಎತ್ತ ಹೋಗುತ್ತಾರೆ ಅನ್ನೋದನ್ನು ತೀರ್ಮಾನಿಸುತ್ತದೆ. ಇದಕ್ಕೆ ಉದಾಹರಣೆ ಬೇಕಾದಷ್ಟಿದೆ. 2007ರಲ್ಲಿ ಶಿವಸೇನೆ ಎನ್‌ಡಿಎಯಲ್ಲಿತ್ತು. ಆದರೂ ಮರಾಠಿ ಹೆಣ್ಣುಮಗಳು ಅಂತ ಕಾಂಗ್ರೆಸ್ಸಿನ ಪ್ರತಿಭಾ ಪಾಟೀಲರಿಗೆ ಮತ ಹಾಕಿತು. 2017ರಲ್ಲಿ ನಿತೀಶ್ ವಿರೋಧಿ ಮೈತ್ರಿಯಲ್ಲಿದ್ದರು, ಆದರೂ ತಮ್ಮ ರಾಜ್ಯದ ರಾಜ್ಯಪಾಲರಾಗಿದ್ದ ಎನ್‌ಡಿಎ ಅಭ್ಯರ್ಥಿ ರಾಮನಾಥ ಕೋವಿಂದ್ ಅವರನ್ನು ಬೆಂಬಲಿಸಿದರು. ಎದುರು ನಿಂತ ಮೀರಾ ಕುಮಾರ್ ಬಿಹಾರದವರೇ ಆಗಿದ್ದರೂ ಸಹ. 2022ರಲ್ಲಿ ಮುರ್ಮು ಸಂತಾಲ ಸಮುದಾಯದವರು ಅನ್ನೋ ಕಾರಣಕ್ಕೆ ಕಾಂಗ್ರೆಸ್ ಜೊತೆ ಸರ್ಕಾರ ನಡೆಸುತ್ತಿದ್ದ ಜೆಎಂಎಂ ಕೂಡ ಅವರ ಕಡೆ ಬಂತು. ಒಡಿಶಾದವರು ಅಂತ ಬಿಜೆಡಿ ಬಂತು. ಆಂಧ್ರದಲ್ಲಿ ಹಾವು-ಮುಂಗುಸಿಯಾಗಿದ್ದ ಜಗನ್ ಮತ್ತು ಚಂದ್ರಬಾಬು ಇಬ್ಬರೂ ಒಂದೇ ಕಡೆ. ಅಲ್ಲಿ ಎದುರು ನಿಂತಿದ್ದ ಯಶವಂತ ಸಿನ್ಹಾ ಅವರಿಗೆ ಒಂದೂ ಮತ ಬೀಳಲಿಲ್ಲ.

ಹಾಗಾದರೆ ಹೆಸರನ್ನು ಊಹಿಸುವುದು ಹೇಗೆ? ನಡುವಿನ ಕಾಲಂ ನೋಡಿ. ಆಡಳಿತ ಕಡೆಗೆ ಎಷ್ಟು ಕೊರತೆ ಇದೆ, ಯಾವ ಪಕ್ಷದಿಂದ ತುಂಬಬಹುದು, ಆ ಪಕ್ಷ ಬೇಡ ಅನ್ನಲಾಗದ ವ್ಯಕ್ತಿ ಎಂಥವರು ಅಂತ ಹಿಂದಿನಿಂದ ಮುಂದಕ್ಕೆ ಬನ್ನಿ. ಹುದ್ದೆಗಳನ್ನೂ ನೋಡಿ. ಮೊದಲ ಐದು ದಶಕದಲ್ಲಿ ಉಪರಾಷ್ಟ್ರಪತಿ ಹುದ್ದೆಯೇ ದೊಡ್ಡ ಮೆಟ್ಟಿಲು. ಎಸ್. ರಾಧಾಕೃಷ್ಣನ್, ಜಾಕಿರ್ ಹುಸೇನ್, ಗಿರಿ, ವೆಂಕಟರಾಮನ್, ಶಂಕರ ದಯಾಳ್ ಶರ್ಮ, ನಾರಾಯಣನ್, ಆರು ಮಂದಿ ಹಾಗೆ ಏರಿದವರು. 1997ರ ನಂತರ ಒಬ್ಬರೂ ಇಲ್ಲ. ಈಚೆಗೆ ರಾಜಭವನದ ದಾರಿ ಜಾಸ್ತಿ. ಪ್ರತಿಭಾ ಪಾಟೀಲ್ ರಾಜಸ್ಥಾನದಲ್ಲಿ, ಕೋವಿಂದ್ ಬಿಹಾರದಲ್ಲಿ, ಮುರ್ಮು ಜಾರ್ಖಂಡ್‌ನಲ್ಲಿ ರಾಜ್ಯಪಾಲರಾಗಿದ್ದವರು. ಈಗಿರುವವರೇ ಮತ್ತೆ ನಿಲ್ಲಬಹುದಾ? ನಿಲ್ಲಬಹುದು, 57ನೇ ವಿಧಿ ಬಿಡುತ್ತದೆ. ಆದರೆ ಎರಡು ಸಲ ಗೆದ್ದವರು ಇವತ್ತಿನವರೆಗೆ ರಾಜೇಂದ್ರ ಪ್ರಸಾದ್ ಒಬ್ಬರೇ.

ಕನ್ನಡಿಗರು? ಜಮಖಂಡಿ ಕಡೆಯ ಹುಡುಗರು ಇಲ್ಲಿ ತಕ್ಷಣ ಕೈ ಎತ್ತುತ್ತಾರೆ, ಸಾವಳಗಿಯ ಬಿ.ಡಿ. ಜತ್ತಿ ಅಂತ. ಜತ್ತಿಯವರು 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ ಆಗಿದ್ದರು, ನಿಜ. ಚುನಾಯಿತ ರಾಷ್ಟ್ರಪತಿ ಆದ ಕನ್ನಡಿಗರು ಇನ್ನೂ ಇಲ್ಲ. ಅದನ್ನು ಕಾರಣ ಮಾಡಿಕೊಂಡು ಈ ಸಲ ನಮ್ಮವರೇ ಅಂತ ಹಾಳೆಯಲ್ಲಿ ಬರೆಯಬೇಡಿ. ಆಸೆಗೆ ಮೌಲ್ಯದ ಕಾಲಂ ಇಲ್ಲ.

ಹೆಸರಿನ ಮೇಲೆ ಪಣ ಕಟ್ಟುವುದಾದರೆ ಜೂನ್ ಮೂರನೇ ವಾರದವರೆಗೆ ಕಾಯಿರಿ. 2017ರಲ್ಲಿ ಕೋವಿಂದ್ ಹೆಸರು ಬಂದದ್ದು ಜೂನ್ 19ಕ್ಕೆ. ಆವರೆಗೆ ಟಿವಿಯ ಪಟ್ಟಿಗಳಲ್ಲಿ ಅವರು ಮೇಲೆ ಇರಲೇ ಇಲ್ಲ. 2022ರಲ್ಲಿ ಮುರ್ಮು ಹೆಸರು ಜೂನ್ 21ಕ್ಕೆ. ಅದೇ ದಿನ ವಿರೋಧ ಪಕ್ಷಗಳೂ ಸಿನ್ಹಾ ಹೆಸರು ಹೇಳಿದವು. ಅದಕ್ಕೆ ಮೊದಲು ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಮೂವರೂ ಒಲ್ಲೆ ಅಂದಿದ್ದರು. ಕರೆದವರು ಹೀಗೆ ಸಾಲಾಗಿ ಒಲ್ಲೆ ಅನ್ನುವುದೂ ಒಂದು ಮುನ್ಸೂಚನೆಯೇ. ಗೆಲ್ಲುವ ಕುದುರೆಯಿಂದ ಯಾರೂ ಇಳಿಯುವುದಿಲ್ಲ.

ನಮ್ಮಲ್ಲಿ ಪಣ ಅರ್ಧ ಕಿಲೋ ಧಾರವಾಡ ಪೇಢೆ. ಗೆದ್ದವರು ಯಾರು ಅನ್ನೋದರ ಮೇಲೆ ನಾನು ಪಣ ಒಪ್ಪುವುದಿಲ್ಲ, ಅದು ಸುಮ್ನೆ ದುಡ್ಡು ಕೊಟ್ಟ ಹಾಗೆ. ಶೇಕಡಾ ಎಷ್ಟು ಅಂತ ಹೇಳಿ ಅನ್ನುತ್ತೇನೆ. ಇದಕ್ಕೊಂದು ಅಂದಾಜಿನ ಪಟ್ಟಿ ಇದೆ. 2007ರಲ್ಲಿ ಗೆದ್ದವರಿಗೆ ಶೇ 65.8, 2012ರಲ್ಲಿ 69.3, 2017ರಲ್ಲಿ 65.65, 2022ರಲ್ಲಿ 64.03. ಕಲಾಂ ಅವರಂಥ ಹೆಸರು ಬಂದು ಎರಡೂ ಕಡೆಯ ದೊಡ್ಡ ಪಕ್ಷಗಳು ಒಪ್ಪಿದಾಗ ಮಾತ್ರ ಇದು ಮೇಲೆ ಹಾರುತ್ತದೆ. 2002ರಲ್ಲಿ ಅವರಿಗೆ 9,22,884, ಎದುರಿದ್ದ ಲಕ್ಷ್ಮಿ ಸೆಹಗಲ್ ಅವರಿಗೆ 1,07,366. ಈ ಸಲ ನೇರ ಸ್ಪರ್ಧೆ ನಡೆದರೆ ಗೆದ್ದವರು ಶೇ 64 ದಾಟುವುದಿಲ್ಲ ಅಂತ ನನ್ನ ಪಣ. ಉಪರಾಷ್ಟ್ರಪತಿ ಚುನಾವಣೆಯಲ್ಲಿ 452 ಅಂದರೆ ಸಿಂಧು ಮತಗಳಲ್ಲಿ (ತಿರಸ್ಕೃತ ಬಿಟ್ಟು ಉಳಿದವು) ಶೇ 60. ಬಿಜೆಡಿಯ ಹತ್ತಿರ ಒಡಿಶಾದಲ್ಲಿ ಮೊದಲಿನ ಬಲ ಇಲ್ಲ, 2024ರಲ್ಲಿ 51ಕ್ಕೆ ಇಳಿಯಿತು. ಜಗನ್ ಪಕ್ಷ ಆಂಧ್ರದಲ್ಲಿ 11ಕ್ಕೆ ಬಂತು. ನಡುವಿನ ಕಾಲಂ ಸೊರಗಿದೆ. ಸೇರಿಸಿಕೊಳ್ಳಲು ಇರುವುದೇ ಕಮ್ಮಿ.

ಎಣಿಕೆಯ ದಿನ

ಟಿವಿ ಹಾಕಿ, ಆದರೆ ಧ್ವನಿ ಕಡಿಮೆ ಮಾಡಿ. 2022ರಲ್ಲಿ ಮೊದಲು ಬಂದದ್ದು ಸಂಸದರ ಮತಗಳ ಲೆಕ್ಕ. ಮುರ್ಮು 540, ಸಿನ್ಹಾ 208, ತಿರಸ್ಕೃತ 15. ಹೌದು, ದೇಶಕ್ಕೆ ಕಾನೂನು ಮಾಡುವ 15 ಮಂದಿಯ ಮತ ತಿರಸ್ಕೃತ. ಸಂಸದರ ಸಾಲು ಕೇಳಿದ ತಕ್ಷಣ ನಿಮ್ಮ ಹಾಳೆಯ ಜೊತೆ ಹೋಲಿಸಿ. ಅಲ್ಲಿ ನಿಮ್ಮ ಅಂದಾಜಿಗಿಂತ ಹತ್ತಿಪ್ಪತ್ತು ಮತ ಆಚೀಚೆ ಆಗಿದ್ದರೆ ರಾಜ್ಯಗಳಲ್ಲೂ ಅದೇ ದಿಕ್ಕಿಗೆ ಆಗಿರುತ್ತದೆ. ಗೆಲುವಿಗೆ ಬೇಕಾದದ್ದು ಒಟ್ಟು ಮೌಲ್ಯದ ಅರ್ಧವಲ್ಲ, ಸಿಂಧು ಮತಗಳ ಅರ್ಧಕ್ಕಿಂತ ಒಂದು ಜಾಸ್ತಿ. 2022ರಲ್ಲಿ ಅದು 5,28,491 ಆಗಿತ್ತು.

ಆಮೇಲೆ ರಾಜ್ಯಗಳು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ, ಹತ್ತು ಹತ್ತಾಗಿ ಬಂದವು. ಆಂಧ್ರದಿಂದ ಜಾರ್ಖಂಡ್‌ವರೆಗೆ ಮೊದಲ ಕಂತು. ಕರ್ನಾಟಕದಿಂದ ಪಂಜಾಬ್‌ವರೆಗೆ ಎರಡನೆಯದು. ಮುರ್ಮು ಅರ್ಧ ದಾಟಿದ್ದು ಈ ಎರಡನೇ ಕಂತಿನಲ್ಲೇ. ನಮ್ಮ ಸಾಲು ಬಂದಾಗ ಎನ್‌ಡಿಎ ಅಭ್ಯರ್ಥಿಯ ಮೌಲ್ಯದಿಂದ ನಿಮ್ಮ ಹಾಳೆಯ ಸಂಖ್ಯೆ ಕಳೆಯಿರಿ. ಉಳಿದದ್ದನ್ನು 131ರಿಂದ ಭಾಗಿಸಿ. ಬಂದದ್ದು ವಿಧಾನಸೌಧದಲ್ಲಿ ದಾರಿ ಬದಲಿಸಿದ ಶಾಸಕರ ಸಂಖ್ಯೆ. ಯಾರು ಅಂತ ಮಾತ್ರ ಗೊತ್ತಾಗುವುದಿಲ್ಲ, ಗುಪ್ತ ಮತದಾನ ಅಲ್ವಾ.